ಸ್ವಲ್ಪ ಬಿಸಿಯಾಗುತ್ತೆ, ಅಷ್ಟೆ!

ಜೂನ್ ತಿಂಗಳೆಂದರೆ ನಮ್ಮ ಕಡೆ ಮುಂಗಾರು, ಮಕ್ಕಳ ಶಾಲೆ ಫೀಸು, ಕಳೆದ ವರ್ಷ ಎಲ್ಲೋ ಇಟ್ಟ ಕೊಡೆಯ ಹುಡುಕಾಟ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಅದು ಶುರುವಾಗುವುದು ರಾತ್ರಿ ಹತ್ತೂವರೆಗೆ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಹತ್ತು ಗಂಟೆಗೆ ಆಪಲ್ ಕಂಪನಿಯವರು ತಮ್ಮ ಡೆವಲಪರ್ ಸಮ್ಮೇಳನದಲ್ಲಿ ಐಫೋನಿನ ಹೊಸ ವ್ಯವಸ್ಥೆಯಾದ ಐಓಎಸ್‌ನ ಗುಣಗಾನ ಆರಂಭಿಸಿದಾಗ, ಇಲ್ಲಿ ಬಸವನಗುಡಿಯಲ್ಲೋ ಮೈಸೂರಿನ ಕುವೆಂಪುನಗರದಲ್ಲೋ ಒಬ್ಬ ತರುಣ ಊಟ ಮುಗಿಸಿ, ನಾಳೆ ಬೆಳಿಗ್ಗೆ ಆಫೀಸಿದೆ ಎಂಬುದನ್ನು ಮರೆತು, ಫೋನಿಗೆ ಚಾರ್ಜರ್ ಚುಚ್ಚಿಕೊಂಡು ಕೂತಿರುತ್ತಾನೆ. ಭಾಷಣ ಮುಗಿದು ಸ್ವಲ್ಪ ಹೊತ್ತಿಗೆ ಮೊದಲ ಬೀಟಾ, ಅಂದರೆ ಪರೀಕ್ಷೆಗೆಂದು ಬಿಡುವ ಕರಡು ಆವೃತ್ತಿ, ಬರುತ್ತದೆ. ಅದೇ ತಂತ್ರಾಂಶ ಸೆಪ್ಟೆಂಬರಿನಲ್ಲಿ, ಗಣೇಶನನ್ನು ಕೂರಿಸುವ ಹೊತ್ತಿಗೆ, ತಿದ್ದಿ ತೀಡಿದ ರೂಪದಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಆದರೆ ಎಲ್ಲರಿಗೂ ಸಿಗುವುದನ್ನು ಎಲ್ಲರ ಜೊತೆಗೇ ತೆಗೆದುಕೊಳ್ಳುವುದರಲ್ಲಿ ಏನು ಸ್ವಾರಸ್ಯ?

ಆಂಡ್ರಾಯ್ಡ್ ಪಂಗಡದವರು ಜೂನ್‌ವರೆಗೂ ಕಾಯುವ ಜನವಲ್ಲ. ಆಂಡ್ರಾಯ್ಡ್ 16ರ ಮೊದಲ ಬೀಟಾ 2025ರ ಜನವರಿಯಲ್ಲೇ ಬಂತು. ಪೂರ್ಣ ಆವೃತ್ತಿ ಬಂದದ್ದು ಜೂನ್ 10ರಂದು. ಅಂದರೆ ಸಂಕ್ರಾಂತಿಯ ಎಳ್ಳುಬೆಲ್ಲ ಡಬ್ಬಿಯಲ್ಲಿ ಇನ್ನೂ ಉಳಿದಿರುವಾಗಲೇ ಹಿಡಿದ ಹುಚ್ಚು ಮುಂಗಾರಿನವರೆಗೂ ಬಿಡಲಿಲ್ಲ. ಸ್ಯಾಮ್‌ಸಂಗ್‌ನವರು ಆಂಡ್ರಾಯ್ಡ್ ಮೇಲೆ ಕಟ್ಟಿದ ತಮ್ಮ ಒನ್ ಯುಐನ ಬೀಟಾವನ್ನು ಭಾರತಕ್ಕೂ ಕೊಡುತ್ತಾರೆ. ಅದಕ್ಕೆ ಸೀಟು ಸೀಮಿತ. ಇನ್ನೂ ಬೇಯದ ತಂತ್ರಾಂಶಕ್ಕೆ ಕೂಡ ಸೀಟು ಸಿಗಲಿಲ್ಲವೆಂದು ಕೊರಗುವವರನ್ನು ಕಾಣುವ ಭಾಗ್ಯ ಹೀಗಾಗಿ ನಮಗೂ ಉಂಟು.

ಇಂಥ ಬೀಟಾವೀರರಲ್ಲಿ ಒಬ್ಬ ನಮ್ಮ ಮನೆಗೇ ಸೇರಿದವನು, ನನ್ನ ಹೆಂಡತಿಯ ತಮ್ಮ. ಅವನ ಫೋನು ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ಹೇಳಿದರೆ ಅವನು ಆ ಕಂಪನಿಯ ಪರವಾಗಿ ವಕಾಲತ್ತಿಗೆ ಇಳಿಯುತ್ತಾನೆ. ಆ ಕಂಪನಿ ತನಗೆ ನಯಾಪೈಸೆ ಸಂಬಳ ಕೊಡುವುದಿಲ್ಲ ಎಂಬ ವಿಷಯ ಅವನ ಉತ್ಸಾಹಕ್ಕೆ ಎಂದೂ ಅಡ್ಡ ಬಂದಿಲ್ಲ. "ಭಾವ, ಬೀಟಾ ಹಾಕ್ಕೊಂಡೆ" ಎನ್ನುವಾಗ ಅವನ ದನಿ ಒಂದು ಮೆಟ್ಟಿಲು ಮೇಲಿರುತ್ತದೆ.

"ಹೇಗಿದೆಯೋ?" ಎಂದರೆ, "ಸೂಪರ್ ಭಾವ! ಸ್ವಲ್ಪ ಬಿಸಿಯಾಗುತ್ತೆ, ಅಷ್ಟೆ" ಎನ್ನುತ್ತಾನೆ.

ಆ 'ಅಷ್ಟೆ'ಯೊಳಗೆ ಎಷ್ಟಿದೆ ಎಂಬುದು ಕಂತುಕಂತಾಗಿ ತಿಳಿಯುತ್ತದೆ. ಮೊದಲನೆಯ ಕಂತು ಬಿಸಿ. ಅಂಗಿಯ ಜೇಬಿನಲ್ಲಿಟ್ಟರೆ ಎದೆಗೆ ಶಾಖ ಕೊಡುವಷ್ಟು. ಎರಡನೆಯದು ಚಾರ್ಜು. ಬೆಳಿಗ್ಗೆ ನೂರಿದ್ದದ್ದು ಮಧ್ಯಾಹ್ನದ ಊಟಕ್ಕೆ ಮೂವತ್ತು. ಅವನು ನಮ್ಮ ಮನೆಗೆ ಬಂದರೆ ಮೊದಲು ಕೇಳುವುದು ನೀರನ್ನಲ್ಲ, ಪ್ಲಗ್ಗನ್ನು. ಮೂರನೆಯದು, ಇದ್ದಕ್ಕಿದ್ದಂತೆ ಎಲ್ಲ ನಿಂತು, ಕಂಪನಿಯ ಗುರುತು ಪರದೆಯ ನಡುವೆ ಬೆಳಗಿ, ಫೋನು ತನ್ನಷ್ಟಕ್ಕೆ ತಾನೇ ಮತ್ತೆ ಶುರುವಾಗುವುದು. "ರೀಸ್ಟಾರ್ಟ್ ಆಗೋದು ಒಳ್ಳೇದೇ ಭಾವ, ಮೆಮೊರಿ ಫ್ರೀ ಆಗುತ್ತೆ." ತೊಂದರೆಯಲ್ಲೂ ಗುಣ ಕಾಣುವ ಈ ಶಕ್ತಿಯನ್ನು ಅವನು ಮನೆಯವರ ವಿಷಯದಲ್ಲಿ ಒಂದಿಷ್ಟು ಬಳಸಿದ್ದರೆ ನನ್ನ ಹೆಂಡತಿಗೂ ಅವನಿಗೂ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಸಂಬಂಧಿಕರ ಮದುವೆಯೊಂದರಲ್ಲಿ ಅವನ ಬೀಟಾ ಸಾರ್ವಜನಿಕವಾಗಿ ಪರೀಕ್ಷೆಗೆ ಒಳಗಾಯಿತು. ತಾಳಿ ಕಟ್ಟುವ ಹೊತ್ತಿನ ಫೋಟೋ ನೀನೇ ತೆಗೆಯಬೇಕು, ನಿನ್ನ ಫೋನ್ ದುಬಾರಿಯದಲ್ಲವೇ ಎಂದು ಹಿರಿಯರು ಅವನನ್ನು ಮುಂದಕ್ಕೆ ತಳ್ಳಿದ್ದರು. ಅವನು ಕ್ಯಾಮೆರಾ ಒತ್ತಿದ. ಫೋನು ಯೋಚನೆಗೆ ಬಿತ್ತು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಅವನು ಮತ್ತೆ ಒತ್ತಿದ. ಪರದೆ ಕಪ್ಪಗೇ ಇತ್ತು. ಮೂರು ಗಂಟೂ ಬಿದ್ದು, ಅಕ್ಷತೆಯೂ ಬಿದ್ದು, ಅತ್ತೆ ಕಣ್ಣೊರೆಸಿಕೊಂಡು ಮುಗಿಸಿದ ಮೇಲೆ ಕ್ಯಾಮೆರಾ ಕಣ್ಣು ತೆರೆಯಿತು. ಅದರಲ್ಲಿ ಸಿಕ್ಕ ಮೊದಲ ಚಿತ್ರ, ಡೋಲಿನವನು ಬೆವರು ಒರೆಸಿಕೊಳ್ಳುತ್ತಿದ್ದದ್ದು. "ಕಲರ್ ನೋಡಿ ಭಾವ, ಹಳೇ ವರ್ಷನ್ನಲ್ಲಿ ಹೀಗೆ ಬರ್ತಿರ್ಲಿಲ್ಲ" ಎಂದ. ಬಣ್ಣವೇನೋ ಚೆನ್ನಾಗಿತ್ತು.

ಇನ್ನೊಮ್ಮೆ ದರ್ಶಿನಿಯ ಕೌಂಟರಿನಲ್ಲಿ ಎರಡು ಪ್ಲೇಟ್ ಇಡ್ಲಿ–ವಡೆ ಹೇಳಿ ಯುಪಿಐ ತೆರೆದ. ಬ್ಯಾಂಕಿನ ಆಪ್ ಬಾಗಿಲಲ್ಲೇ ತಡೆಯಿತು: ಈ ಫೋನಿನ ವ್ಯವಸ್ಥೆ ಸುರಕ್ಷಿತವೆಂದು ತನಗೆ ಖಾತ್ರಿಯಿಲ್ಲವಂತೆ. ಬ್ಯಾಂಕಿನ ಆಪ್‌ಗಳು ಸಂಶಯದ ಪ್ರಾಣಿಗಳು. ಫೋನಿನಲ್ಲಿ ಡೆವಲಪರ್ ಆಯ್ಕೆಗಳು ತೆರೆದಿದ್ದರೂ ಕೆಲವು ಮುಖ ತಿರುಗಿಸುತ್ತವೆ. ಬೀಟಾ ಎಂದರೆ ಕೇಳಬೇಕೆ. ಹಿಂದೆ ನಿಂತವರು "ಸ್ವಾಮಿ, ಬೇಗ ಟೋಕನ್ ತಗೊಳ್ಳಿ" ಎಂದು ಗೊಣಗಿದರು. ದುಡ್ಡು ನಾನು ಕೊಟ್ಟೆ. ಬೀಟಾ ಪುಕ್ಕಟೆ ಎನ್ನುವವರು ಭಾವಂದಿರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಈ ಬೀಟಾ ಇರುವುದು ಯಾರಿಗೆ? ಮೂಲದಲ್ಲಿ ಆಪ್ ಬರೆಯುವವರಿಗೆ. ಹೊಸ ವ್ಯವಸ್ಥೆಯಲ್ಲಿ ತಮ್ಮ ಆಪ್ ಮಗುಚಿ ಬೀಳುತ್ತದೋ ಎಂದು ಅವರು ಮೊದಲೇ ನೋಡಿಕೊಳ್ಳಲಿ ಎಂದು. ಕಂಪನಿಯೊಳಗಿನವರು ತಮ್ಮ ಮಟ್ಟಿಗೆ ನೋಡಿ ಮುಗಿಸಿದ, ಆದರೆ ಹೊರಗಿನವರ ಕೈಗೆ ಸಿಕ್ಕರೆ ಏನಾದೀತೆಂದು ಇನ್ನೂ ತಿಳಿಯದ ಸರಕು ಅದು. ಅದನ್ನು ಊರಿಗೆಲ್ಲ ಹಂಚುವ ಉಪಾಯ ಹೊಳೆದದ್ದು ಆಮೇಲೆ. 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಮ್ಯಾಕ್ ಓಎಸ್ ಟೆನ್‌ನ ಬೀಟಾವನ್ನು ಸಾರ್ವಜನಿಕರಿಗೆ ಬಿಟ್ಟಿತು. ಪುಕ್ಕಟೆಯಾಗಿ ಅಲ್ಲ, 29.95 ಡಾಲರಿಗೆ. ತಪ್ಪು ಹುಡುಕುವ ಕೆಲಸಕ್ಕೆ ಕೂಲಿ ಕೊಡುವುದಿರಲಿ, ಕೆಲಸಕ್ಕೆ ಬಂದವರಿಂದಲೇ ಪ್ರವೇಶಧನ! ಮುಂದಿನ ವರ್ಷ ಪೂರ್ಣ ಆವೃತ್ತಿ ಕೊಳ್ಳುವಾಗ ಆ ಮೊತ್ತ ವಜಾ ಎಂದು ಸಮಾಧಾನ ಹೇಳಿದರು. 2001ರ ಮೇ ತಿಂಗಳಿಗೆ ಬೀಟಾದ ಆಯುಸ್ಸು ಮುಗಿಯುವಂತೆಯೂ ಏರ್ಪಾಡು ಮಾಡಿದ್ದರು. ಜನ ಖುಷಿಯಿಂದಲೇ ಕೊಂಡರು. ನಮ್ಮ ಭಾವಮೈದನಂಥವರು ಎಲ್ಲ ದೇಶದಲ್ಲೂ ಇದ್ದಾರೆಂಬುದು ಕಂಪನಿಗಳಿಗೆ ಆಗಲೇ ಖಚಿತವಾಗಿರಬೇಕು.

ಐಫೋನಿಗೆ ಸಾರ್ವಜನಿಕ ಬೀಟಾ ಮೊದಲು ಬಂದದ್ದು 2015ರ ಮಾರ್ಚಿನಲ್ಲಿ, ಐಓಎಸ್ 8.3ರೊಂದಿಗೆ. ಗೂಗಲ್ 2016ರಲ್ಲಿ ಆಂಡ್ರಾಯ್ಡ್‌ಗೂ ಬೀಟಾ ಯೋಜನೆ ತೆರೆಯಿತು. 2023ರಿಂದಂತೂ ಆಪಲ್‌ನ ಡೆವಲಪರ್ ಬೀಟಾ ಕೂಡ ಪುಕ್ಕಟೆ. ಒಂದು ಸಾಲು ಪ್ರೋಗ್ರಾಂ ಬರೆಯಲು ಬಾರದಿದ್ದವರೂ ಡೆವಲಪರರ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಬೀಟಾ ಎಂಬ ಹಣೆಪಟ್ಟಿಯ ಮಹಿಮೆಯನ್ನು ಗೂಗಲ್‌ನಷ್ಟು ಅರಿತವರು ಬೇರೆ ಇಲ್ಲ. 2004ರ ಏಪ್ರಿಲ್ 1ರಂದು ಶುರುವಾದ ಜಿಮೇಲ್ 2009ರ ಜುಲೈವರೆಗೂ ಬೀಟಾ ಆಗಿಯೇ ಇತ್ತು. ಐದು ವರ್ಷ! ಅಷ್ಟರಲ್ಲಿ ಆ ವಿಳಾಸವನ್ನು ಮದುವೆಯ ಬಯೋಡೇಟಾದಲ್ಲಿ ಹಾಕಿ, ಮದುವೆಯಾಗಿ, ಮಗುವನ್ನು ಶಿಶುವಿಹಾರಕ್ಕೆ ಸೇರಿಸಲು ಧಾರಾಳ ಸಮಯವಿತ್ತು.

ಬೀಟಾ ಕೊಡುವಾಗ ಕಂಪನಿಗಳು ಎಚ್ಚರಿಕೆ ಹೇಳದೆ ಇರುವುದಿಲ್ಲ. ಇದರಲ್ಲಿ ದೋಷಗಳಿರಬಹುದು, ಬ್ಯಾಕಪ್ ಮಾಡಿಕೊಳ್ಳಿ, ದಿನನಿತ್ಯದ ಮುಖ್ಯ ಫೋನಿಗೆ ಹಾಕಬೇಡಿ. ಪ್ರತಿ ಬಿಲ್ಡಿನ (ಹೊಸದಾಗಿ ಕಟ್ಟಿ ಬಿಟ್ಟ ಬೀಟಾದ) ಜೊತೆ ಟಿಪ್ಪಣಿಯೂ ಬರುತ್ತದೆ. ಅದರಲ್ಲಿ ಗೊತ್ತಿರುವ ಸಮಸ್ಯೆಗಳ ಪಟ್ಟಿಯೇ ಇರುತ್ತದೆ. ಓದಿದೆಯೇನೋ ಎಂದು ನಾನು ಕೇಳಿದಾಗ ನಮ್ಮವನು ನಕ್ಕ. "ಅದೆಲ್ಲಾ ಯಾರು ಓದ್ತಾರೆ ಭಾವ? ಅಗ್ರೀ ಕೊಟ್ಟೆ, ಮುಂದಕ್ಕೆ ಹೋದೆ." ಮುಖ್ಯ ಫೋನಿಗೆ ಹಾಕಬೇಡ ಅಂದಿದ್ದಾರಲ್ಲ ಎಂದರೆ, "ನನ್ನ ಹತ್ರ ಇರೋದೇ ಒಂದು" ಎಂದ. ನ್ಯಾಯವಾದ ಮಾತು. ಒಂದೇ ಇರುವಾಗ ಅದು ಮುಖ್ಯವೂ ಹೌದು, ಅಮುಖ್ಯವೂ ಹೌದು.

ಈಗ ಬೀಟಾ ನಿಧಾನವಾಗುವುದು ಯಾಕೆ ಎಂಬ ಪ್ರಶ್ನೆ. ಇದರಲ್ಲಿ ಎರಡು ಬಗೆಯ ನಿಧಾನವಿದೆ. ಬೀಟಾವೀರರು ಎರಡನ್ನೂ ಕಲಸಿಬಿಡುವುದರಿಂದಲೇ ಅರ್ಧ ಗದ್ದಲ.

ಮೊದಲನೆಯದು ಮನೆ ಬದಲಾಯಿಸಿದ ವಾರದ ನಿಧಾನ. ಹೊಸ ಮನೆಗೆ ಸಾಮಾನು ಬಂದಾಗಿದೆ, ಒಲೆಯೂ ಹೊತ್ತಿದೆ, ಆದರೆ ಸಾಸಿವೆ ಡಬ್ಬಿ ಯಾವ ಗೋಣಿಯಲ್ಲಿದೆಯೋ ಗೊತ್ತಿಲ್ಲ. ಒಗ್ಗರಣೆಗೆ ಅರ್ಧ ಗಂಟೆ. ಫೋನಿನಲ್ಲೂ ದೊಡ್ಡ ಅಪ್‌ಡೇಟ್ ಆದಮೇಲೆ ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟಬೇಕು. ಸಾವಿರಾರು ಫೋಟೋಗಳನ್ನು ಒಂದೊಂದಾಗಿ ನೋಡಿ ಇದು ಅತ್ತೆಯ ಮುಖ, ಇದು ನಾಯಿ, ಇದು ಊಟದೆಲೆ ಎಂದು ಮತ್ತೆ ವಿಂಗಡಿಸಬೇಕು. ಆಪ್‌ಗಳನ್ನು ಹೊಸ ವ್ಯವಸ್ಥೆಗೆ ಒಗ್ಗಿಸಬೇಕು. 2014ರ ಆಂಡ್ರಾಯ್ಡ್ ಲಾಲಿಪಾಪ್ ಬಳಸಿದವರಿಗೆ ನೆನಪಿರಬಹುದು, ಅಪ್‌ಡೇಟ್ ಆದೊಡನೆ ಫೋನು ಆಪ್‌ಗಳನ್ನು ಒಂದೊಂದಾಗಿ ಎಣಿಸುತ್ತಾ ಕೂರುತ್ತಿತ್ತು. ಆ ಆವೃತ್ತಿಯಲ್ಲಿ, ಆಪ್ ಓಡಿಸುವ ಹಳೆಯ ಯಂತ್ರ ಡಾಲ್ವಿಕ್ ಹೋಗಿ ಎಆರ್‌ಟಿ ಎಂಬ ಹೊಸ ಯಂತ್ರ ಬಂದಿತ್ತು. ಅದು ಪ್ರತಿ ಆಪನ್ನೂ ಮೊದಲೇ ಚಿಪ್ಪಿನ ಭಾಷೆಗೆ ಇಳಿಸಿಡುತ್ತಿತ್ತು. ಕಾಫಿ ಕುಡಿದು, ಪತ್ರಿಕೆ ಓದಿ ಬಂದರೂ ಎಣಿಕೆ ಮುಗಿದಿರುತ್ತಿರಲಿಲ್ಲ. 2016ರ ನೌಗಾಟ್ ಆವೃತ್ತಿಯಿಂದ ಆ ಕೆಲಸದ ಬಹುಪಾಲನ್ನು ಫೋನು ಸುಮ್ಮನಿದ್ದು ಚಾರ್ಜಾಗುವ ಹೊತ್ತಿಗೆ ಮುಂದೂಡಿದರು. ಆದ್ದರಿಂದ ಬೀಟಾ ಹಾಕಿದ ಮೊದಲ ಒಂದೆರಡು ದಿನದ ಬಿಸಿಯನ್ನೂ ನಿಧಾನವನ್ನೂ ನೋಡಿ ತೀರ್ಪು ಕೊಡಬಾರದು. ರಾತ್ರಿ ಚಾರ್ಜಿಗೆ ಹಾಕಿ, ಮುಟ್ಟದೆ ಬಿಟ್ಟರೆ ಬಹಳಷ್ಟು ತಾನಾಗಿ ಇಳಿಯುತ್ತದೆ. ಆದರೆ ಹೊಸ ಬೀಟಾ ಹಾಕಿಕೊಂಡವನಿಗೆ ಫೋನು ಮುಟ್ಟಬೇಡ ಎನ್ನುವುದು ಎಂಥ ಸಲಹೆ? ಅವನು ರಾತ್ರಿಯಿಡೀ ಪರದೆ ತೀಡುತ್ತಾನೆ, ಬೆಳಿಗ್ಗೆ "ಬ್ಯಾಟರಿ ಡ್ರೈನ್ ಭಯಂಕರ ಭಾವ" ಎಂದು ವರದಿ ಒಪ್ಪಿಸುತ್ತಾನೆ.

ಎರಡನೆಯದು ನಿಜವಾದ ನಿಧಾನ. ಇದು ವಾರ ಕಳೆದರೂ ಹೋಗುವುದಿಲ್ಲ. ಬೀಟಾ ಬಿಲ್ಡು ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ: ಯಾವ ಆಪ್ ಎಷ್ಟು ಹೊತ್ತಿಗೆ ಎದ್ದಿತು, ಎಲ್ಲಿ ಎಡವಿತು, ಯಾಕೆ ಬಿತ್ತು. ಎಂಜಿನಿಯರಿಗೆ ಬೇಕಾದದ್ದೇ ಆ ಕಡತ; ಅದನ್ನು ಬರೆಯುವ ಖರ್ಚು ಮಾತ್ರ ನಿಮ್ಮ ಬ್ಯಾಟರಿಯದು. ಇದರ ಮೇಲೆ ಅರೆಬರೆ ಕೆಲಸಗಳು ಬೇರೆ. ಕೇಳಿ ಪಡೆದ ಮೆಮೊರಿಯನ್ನು ಹಿಂದಿರುಗಿಸದ ಪ್ರೋಗ್ರಾಂ ಒಂದು, ಪರದೆ ಆರಿದ ಮೇಲೂ ಫೋನಿಗೆ ನಿದ್ದೆ ಮಾಡಗೊಡದ್ದು ಇನ್ನೊಂದು, ಇಂಟರ್ನೆಟ್ಟಿನಿಂದ ಉತ್ತರ ಬರಲಿಲ್ಲವೆಂದು ಬಿಡದೆ ಕೇಳುತ್ತಲೇ ಇರುವುದು ಮತ್ತೊಂದು. ಪ್ರೋಗ್ರಾಂ ಬರೆಯುವವರ ಕ್ರಮವೇ ಹಾಗೆ: ಮೊದಲು ನಡೆಯಲಿ, ಆಮೇಲೆ ಬೇಗ ನಡೆಯಲಿ. ನಮ್ಮ ವೀರರು ಬೀಟಾ ಹಾಕಿಕೊಳ್ಳುವುದು 'ನಡೆಯಲಿ'ಗೂ 'ಬೇಗ ನಡೆಯಲಿ'ಗೂ ಮಧ್ಯದ ತಿಂಗಳುಗಳಲ್ಲಿ.

ನಮ್ಮ ಕಣ್ಣೂ ಕೆಟ್ಟಿದೆ ಎನ್ನಿ. ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುವುದಾದರೆ ಒಂದೊಂದು ಚಿತ್ರ ಸಿದ್ಧಪಡಿಸಲು ಫೋನಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಈಗಿನ ದುಬಾರಿ ಫೋನುಗಳದು 120 ಸಲ. ಅಲ್ಲಿಗೆ ಗಡುವು 8.3 ಮಿಲಿಸೆಕೆಂಡಿಗೆ ಇಳಿಯಿತು. ನಾವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹತ್ತಾರು ಚಿತ್ರ ಬರೆದು ಮುಗಿಸಿರಬೇಕು. ಎರಡು ಮೂರು ಗಡುವು ತಪ್ಪಿದರೆ ಸಾಕು, ಪರದೆ ತೊದಲುತ್ತದೆ, "ಲ್ಯಾಗ್ ಇದೆ" ಎಂಬ ಉದ್ಗಾರ ಬರುತ್ತದೆ. ಈ ತೊದಲನ್ನು ಹೋಗಲಾಡಿಸಲೆಂದೇ ಗೂಗಲ್ 2012ರಲ್ಲಿ ಆಂಡ್ರಾಯ್ಡ್ 4.1ರ ಹೊತ್ತಿಗೆ 'ಪ್ರಾಜೆಕ್ಟ್ ಬಟರ್' ಎಂಬ ಯೋಜನೆ ಹಾಕಿಕೊಂಡಿತ್ತು. ಸರಕಾರಿ ಕಚೇರಿಯಲ್ಲಿ ಒಂದು ಸಹಿಗೆ ಮೂರು ದಿನ ತಾಳ್ಮೆಯಿಂದ ಕೂರುವ ಮನುಷ್ಯ, ಪರದೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡೆದರೆ ಸಿಡಿದೇಳುತ್ತಾನೆ.

ಬಿಸಿಯದು ಬೇರೆಯೇ ಕಥೆ. ಚಿಪ್ಪು ಮಿತಿ ಮೀರಿ ಕಾದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಹಾಳಾಗದಿರಲಿ ಎಂದು. ವೇಗ ಇಳಿದರೆ ಕೆಲಸ ಮುಗಿಯುವುದು ತಡ. ತಡವಾದಷ್ಟೂ ಪರದೆ ಉರಿಯುತ್ತಿರುತ್ತದೆ. ಚಾರ್ಜು ಇಳಿಯಿತೆಂದು ಪ್ಲಗ್ಗಿಗೆ ಹಾಕಿದರೆ ಚಾರ್ಜಿನ ಬಿಸಿಯೂ ಸೇರುತ್ತದೆ. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸಿ ಎಂದು ಆಪಲ್ ಹೇಳುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳು 40 ದಾಟುತ್ತದೆ. ಅಲ್ಲಿಯವರಿಗೆ ಬೀಟಾ ಹಾಕುವ ಅಗತ್ಯವೇ ಇಲ್ಲ, ಅದರ ಅನುಭವ ಪೂರ್ಣ ಆವೃತ್ತಿಯಲ್ಲೇ ಸಿಗುತ್ತದೆ.

ಬೀಟಾದ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದ ವರ್ಷ 2018. ಆ ವರ್ಷ ಆಪಲ್ ಐಓಎಸ್ 12 ತರುವಾಗ ಹೇಳಿದ್ದೇ ವೇಗದ ಮಾತು: ಕ್ಯಾಮೆರಾ ಶೇಕಡಾ 70ರಷ್ಟು ಬೇಗ ತೆರೆಯಬಹುದು, ಕೀಲಿಮಣೆ ಶೇಕಡಾ 50ರಷ್ಟು ಬೇಗ ಬರಬಹುದು, ಹಳೆಯ ಫೋನಿಗೂ ಹೊಸ ಜೀವ ಬರುತ್ತದೆ. ಆಗಸ್ಟ್ 13ರಂದು ಅದರ ಏಳನೆಯ ಬೀಟಾ ಬಂತು. ಆಪ್ ಒತ್ತಿದರೆ ಹಲವು ಸೆಕೆಂಡು ಏನೂ ಇಲ್ಲ, ಆಮೇಲೆ ತೆರೆಯುತ್ತದೆ. ವೇಗಕ್ಕೆಂದೇ ಹುಟ್ಟಿದ ಆವೃತ್ತಿ ಎಷ್ಟು ನಿಧಾನವಾಯಿತೆಂದರೆ ಕೆಲವೇ ಗಂಟೆಗಳಲ್ಲಿ ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಎರಡು ದಿನ ಬಿಟ್ಟು ಎಂಟನೆಯದನ್ನು ಕೊಟ್ಟಿತು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಆಗಸ್ಟ್ ಕೊನೆಗೆ ಬಂದ ಬೀಟಾ, ಫೋನಿನ ಬೀಗ ತೆರೆದಾಗಲೆಲ್ಲ "ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಿ" ಎನ್ನತೊಡಗಿತು. ಹಾಕಿಕೊಳ್ಳೋಣವೆಂದು ಹೋದರೆ ಅಪ್‌ಡೇಟೇ ಇಲ್ಲ! ಸರಿ ಎಂದು ಮುಚ್ಚಿ ಮತ್ತೆ ತೆರೆದರೆ ಮತ್ತೆ ಅದೇ ಕರೆ. ಕೊನೆಗೆ ಆ ಸುಳ್ಳನ್ನು ನಿಲ್ಲಿಸಲೆಂದೇ ಒಂದು ನಿಜವಾದ ಅಪ್‌ಡೇಟ್ ಬಿಡಬೇಕಾಯಿತು. ಹೀಗೆ ಅದು ಸುಳ್ಳು ಹೇಳುತ್ತಾ ಹೇಳುತ್ತಾ ನಿಜ ಹೇಳಿದಂತಾಯಿತು.

2025ರ ಐಓಎಸ್ 26ರಲ್ಲಿ ಗಾಜಿನ ಗಲಾಟೆ. ಜೂನ್ 9ರಂದು ತೋರಿಸಿದ 'ಲಿಕ್ವಿಡ್ ಗ್ಲಾಸ್' ವಿನ್ಯಾಸದಲ್ಲಿ ಗುಂಡಿಗಳೂ ಫಲಕಗಳೂ ಪಾರದರ್ಶಕ. ಹಿಂದಿನ ಚಿತ್ರ ಅವುಗಳ ಮೂಲಕ ಬಾಗಿ, ಬಳುಕಿ ಕಾಣಬೇಕು. ಗಾಜಿನಂತೆ ಕಾಣಿಸಲು ಚಿಪ್ಪು ಪ್ರತಿ ಚಿತ್ರಕ್ಕೂ ಹೆಚ್ಚುವರಿ ಲೆಕ್ಕ ಮಾಡಬೇಕು. ಮೊದಲ ಬೀಟಾ ಹಾಕಿದವರು ಬಿಸಿ, ಬ್ಯಾಟರಿ, ಅಕ್ಷರವೇ ಓದಲಾಗುತ್ತಿಲ್ಲ ಎಂದು ಕೂಗಿದರು. ಕಂಪನಿ ಮುಂದಿನ ಬೀಟಾಗಳಲ್ಲಿ ಗಾಜನ್ನು ಮಬ್ಬಾಗಿಸಿತು. ಕೂಡಲೇ ಇನ್ನೊಂದು ಬಣ, "ಇದೆಂಥಾ ಗಾಜು, ಏನೂ ಕಾಣಲ್ಲ" ಎಂದಿತು. ನಾಲ್ಕನೆಯದರಲ್ಲಿ ಮತ್ತೆ ಸ್ವಲ್ಪ ತಿಳಿಯಾಯಿತು. ನಾನು ಈ ಮಬ್ಬು–ತಿಳಿಗಳ ಕಥೆ ಹೇಳಿದಾಗ ನನ್ನ ಹೆಂಡತಿ, "ರೀ, ಬಚ್ಚಲುಮನೆ ಕಿಟಕಿಗೆ ಗಾಜು ಹಾಕಿಸೋವಾಗ ನೀವೂ ನಿಮ್ಮಮ್ಮನೂ ಮಾಡಿದ್ದು ಇದೇ" ಎಂದಳು. ನಾನು ಮಾತು ಬದಲಿಸಿದೆ.

ಹಾಗೆಂದು ಬೀಟಾ ಬಿಟ್ಟು ಸ್ಟೇಬಲ್, ಅಂದರೆ ಪೂರ್ಣ ಆವೃತ್ತಿ, ಹಿಡಿದವರೆಲ್ಲ ಸುಖಿಗಳೆಂದು ಹೇಳುವಂತಿಲ್ಲ. ಈ ವಿಷಯದಲ್ಲಿ ಭಾವಮೈದನ ವಾದದಲ್ಲಿ ಹುರುಳಿದೆ. 2014ರ ಸೆಪ್ಟೆಂಬರ್ 24ರಂದು ಆಪಲ್ ಬಿಟ್ಟ ಐಓಎಸ್ 8.0.1 ಬೀಟಾ ಅಲ್ಲ, ಪಕ್ಕಾ ಮಾಲು. ಅದನ್ನು ಹಾಕಿಕೊಂಡ ಹೊಸ ಐಫೋನ್ 6ಗಳಲ್ಲಿ ಸಿಗ್ನಲ್ಲೂ ಹೋಯಿತು, ಬೆರಳಚ್ಚು ಓದುವುದೂ ನಿಂತಿತು. ಸುಮಾರು ಒಂದು ಗಂಟೆಯಲ್ಲಿ ಹಿಂತೆಗೆದರು, ತೊಂದರೆಗೊಳಗಾದ ಫೋನುಗಳು 40,000ಕ್ಕಿಂತ ಕಡಿಮೆ ಎಂದು ಕಂಪನಿ ಹೇಳಿತು, ಮರುದಿನ 8.0.2 ಬಂತು. ಇನ್ನೂ ಸೊಗಸಾದ ಉದಾಹರಣೆ 2018ರ ಫೆಬ್ರವರಿಯದು. ನಮ್ಮ ನೆರೆಯ ತೆಲುಗಿನ 'ಜ್ಞಾ' ಅಕ್ಷರವನ್ನು ಯಾರಾದರೂ ಸಂದೇಶದಲ್ಲಿ ಕಳಿಸಿದರೆ ಐಫೋನಿನ ಆಪ್‌ಗಳು ಧೊಪ್ಪೆಂದು ಬೀಳುತ್ತಿದ್ದವು. ಕೆಲವೊಮ್ಮೆ ಫೋನೇ ಏಳುತ್ತಿರಲಿಲ್ಲ. ಒತ್ತಕ್ಷರ, ಅದರ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಸಂಕೇತ, ಆಮೇಲೆ ದೀರ್ಘ—ಈ ಜೋಡಣೆಯನ್ನು ಚಿತ್ರಿಸಲು ಹೋಗಿ ಅದು ಮುಗ್ಗರಿಸುತ್ತಿತ್ತು. ಹಾಗಾದದ್ದು ಸ್ಟೇಬಲ್ ಆವೃತ್ತಿಯಲ್ಲಿ. ಆಗ ಪರೀಕ್ಷೆಯಲ್ಲಿದ್ದ ಐಓಎಸ್ 11.3ರ ಬೀಟಾದಲ್ಲಿ ಆ ದೋಷ ಇರಲೇ ಇಲ್ಲ! ಫೆಬ್ರವರಿ 19ರಂದು 11.2.6 ಬರುವವರೆಗೂ ಒಂದೇ ಒಂದು ಅಕ್ಷರಕ್ಕೆ ಹೆದರಿ ಕೂತಿದ್ದವರು ಸಂಭಾವಿತ ಸ್ಟೇಬಲ್‌ನವರು. ಎದೆ ತಟ್ಟಿಕೊಂಡು ಓಡಾಡಿದವರು ಬೀಟಾದವರು. ನಮ್ಮ ಭಾವಮೈದ ಈ ಪ್ರಸಂಗವನ್ನು ವರ್ಷಕ್ಕೊಮ್ಮೆಯಾದರೂ ಪಾರಾಯಣ ಮಾಡುತ್ತಾನೆ.

ಅವನ ಅಮ್ಮ, ನಮ್ಮ ಅತ್ತೆ, ಇದನ್ನೆಲ್ಲ ಕೇಳಿಸಿಕೊಂಡು ಬೀನ್ಸ್ ಬಿಡಿಸುತ್ತಾ ಕೂತಿರುತ್ತಾರೆ. ಅವರ ಫೋನು ಹಳೆಯದು. ಅದಕ್ಕೆ ಅಪ್‌ಡೇಟ್ ಬರುವುದು ನಿಂತು ಕಾಲವಾಗಿದೆ. ಕರೆ ಬರುತ್ತದೆ, ಅಲಾರಾಂ ಹೊಡೆಯುತ್ತದೆ, ಭಜನೆ ಹಾಡುತ್ತದೆ. "ಚೆನ್ನಾಗಿದ್ದಿದ್ದನ್ನ ಯಾಕೋ ಬಿಚ್ಚೋಕೆ ಹೋದೆ?" ಎಂಬುದು ಅವರ ಒಂದೇ ಪ್ರಶ್ನೆ. ಆದರೆ ಅಪ್‌ಡೇಟೇ ಬಾರದ ಫೋನಿಗೆ ಭದ್ರತೆಯ ತೇಪೆಗಳೂ ಬರುವುದಿಲ್ಲವೆಂದು ಅವನು ಹೇಳುವುದೂ ಸರಿಯೇ. ಇವರಿಬ್ಬರ ನಡುವೆ ಪೂರ್ಣ ಆವೃತ್ತಿ ಬಂದ ಎರಡು ವಾರಕ್ಕೆ ಹಾಕಿಕೊಳ್ಳುವ ನನ್ನಂಥವರಿದ್ದೇವೆ. ನಮಗೆ ಯಾವ ಕಡೆಯೂ ಮರ್ಯಾದೆಯಿಲ್ಲ.

ಬೀಟಾದೊಳಗೆ ಹೋಗುವುದು ಸುಲಭ, ಹೊರಬರುವುದು ಕಷ್ಟ. ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಬೀಟಾದ ಮಧ್ಯೆಯೇ ಹೊರಬಂದು ಹಳೆಯ ಆವೃತ್ತಿಗೆ ಮರಳಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಪೂರ್ಣ ಆವೃತ್ತಿ ಬರುವವರೆಗೆ ಕಾದರೆ ಮಾತ್ರ ಸುರಕ್ಷಿತ ಬಾಗಿಲು. ಐಫೋನಿನಲ್ಲಿ ಬೀಟಾದ ಮೇಲೆ ತೆಗೆದ ಬ್ಯಾಕಪ್ಪನ್ನು ಹಳೆಯ ಐಓಎಸ್ ಒಪ್ಪುವುದಿಲ್ಲ. ಬೀಟಾ ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದರೆ ಬಚಾವು. ಕೈಗಡಿಯಾರಕ್ಕೂ ಬೀಟಾ ಹಾಕಿದ ಉತ್ಸಾಹಿಗಳ ಗತಿ ಇನ್ನೂ ಮಜವಾಗಿದೆ: ಆಪಲ್ ವಾಚನ್ನು ಮನೆಯಲ್ಲಿ ಕೂತು ಹಿಂದಿನ ಆವೃತ್ತಿಗೆ ಮರಳಿಸುವ ದಾರಿಯೇ ಇಲ್ಲ. ಗಡಿಯಾರ ಹಿಂದಕ್ಕೆ ತಿರುಗುವುದಿಲ್ಲ ಎಂದು ನಮ್ಮ ಮೇಷ್ಟರು ಹೇಳುತ್ತಿದ್ದದ್ದನ್ನು ಕಂಪನಿ ಅಕ್ಷರಶಃ ಪಾಲಿಸಿದೆ.

ಇಷ್ಟೆಲ್ಲ ಅವಸ್ಥೆಪಟ್ಟೂ ಯಾಕೆ ಹಾಕಿಕೊಳ್ಳುತ್ತಾರೆ ಎಂದು ಬಹಳ ಕಾಲ ಯೋಚಿಸಿದೆ. ಹೊಸತಿನ ಆಸೆ ಎಂದುಕೊಂಡಿದ್ದೆ. ಅಲ್ಲ. ಒಂದು ಸಲ ಅವನ ಫೋನಿಗೆ ಬಂದ ಬಿಲ್ಡು ಅದ್ಭುತವಾಗಿ ಓಡಿತು. ಬಿಸಿಯಿಲ್ಲ, ಲ್ಯಾಗಿಲ್ಲ, ಸಂಜೆಯಾದರೂ ಚಾರ್ಜಿದೆ. ಆ ವಾರ ಅವನು ನಮ್ಮ ಮನೆಯಲ್ಲಿ ಮಂಕಾಗಿ ಕೂತಿದ್ದ. "ಹೊಸ ಬಿಲ್ಡ್ ಚೆನ್ನಾಗಿದೆಯಂತಲ್ಲೋ" ಎಂದೆ. "ಹೂಂ ಭಾವ, ಏನೂ ಇಲ್ಲ" ಎಂದ, ನಿಟ್ಟುಸಿರಿಟ್ಟು. ಆಗ ತಿಳಿಯಿತು. ಬೀಟಾವೀರನಿಗೆ ಬೇಕಾದದ್ದು ಹೊಸ ಆವೃತ್ತಿಯಲ್ಲ, ಅದನ್ನು ಎಲ್ಲರಿಗಿಂತ ಮೊದಲು ದೂರುವ ಹಕ್ಕು. ಸೆಪ್ಟೆಂಬರಿನಲ್ಲಿ ಊರೆಲ್ಲ ಗೊಣಗುವಾಗ, "ನಾನು ಜೂನ್‌ನಲ್ಲೇ ಹೇಳಿದ್ದೆ" ಎನ್ನುವ ಸುಖವಿದೆಯಲ್ಲ, ಅದಕ್ಕಾಗಿ ಅವನು ಮೂರು ತಿಂಗಳು ಜೇಬಿನಲ್ಲಿ ಬೆಂಕಿ ಹೊರಲು ಸಿದ್ಧ.

ತಮಾಷೆಯೆಂದರೆ ಈ ಹಕ್ಕನ್ನು ಅವನು ಎಲ್ಲೆಲ್ಲಿ ಚಲಾಯಿಸುತ್ತಾನೆ! ಆಫೀಸಿನ ಕ್ಯಾಂಟೀನಿನಲ್ಲಿ, ಮೆಟ್ರೋದಲ್ಲಿ, ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೂ ಪಾಯಸಕ್ಕೂ ನಡುವೆ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ಮುಚ್ಚಲು ಬಿಟ್ಟ ಅರೆಗಳಿಗೆಯಲ್ಲಿ. ಆದರೆ ದೂರು ಹೇಳಲೆಂದೇ ಕಂಪನಿ ಬೀಟಾದ ಜೊತೆ ಒಂದು ಆಪ್ ಕೊಟ್ಟಿರುತ್ತದೆ. ಅದನ್ನು ಬಿಟ್ಟು ಉಳಿದೆಲ್ಲ ಕಡೆ. ಕಂಪನಿಗೆ ಬೇಕಾದದ್ದು ಆ ಆಪಿನಲ್ಲಿ ಬರೆದ ದೂರೊಂದೇ. ಶಿಯೋಮಿಯವರು 2010ರಲ್ಲಿ ತಮ್ಮ ಎಂಐಯುಐ ಎಂಬ ಫೋನ್ ವ್ಯವಸ್ಥೆ ಶುರುಮಾಡಿದಾಗ ಬಳಕೆದಾರರ ದೂರುಗಳನ್ನು ಕೇಳಿ ಶುಕ್ರವಾರ ಶುಕ್ರವಾರ ಹೊಸ ಬಿಲ್ಡ್ ಬಿಡುತ್ತಾ ಬೆಳೆದರು. ಸರಿಯಾಗಿ ಹೇಳಿದ ದೂರಿಗೆ ಅಷ್ಟು ಬೆಲೆಯಿದೆ.

ಸರಿಯಾಗಿ ಹೇಳುವುದೇ ಕಷ್ಟ. "ಫೋನ್ ಸ್ಲೋ ಇದೆ, ಬೇಗ ಸರಿ ಮಾಡಿ" ಎಂದರೆ ಎಂಜಿನಿಯರ್ ಏನು ಮಾಡಿಯಾನು? ಯಾವ ಫೋನು, ಯಾವ ಬಿಲ್ಡು, ಯಾವ ಆಪಿನಲ್ಲಿ ಏನು ಒತ್ತಿದಾಗ ಆಯಿತು, ಎಷ್ಟು ಸೆಕೆಂಡು ತಡೆಯಿತು, ಫೋನು ಆಗ ಕಾದಿತ್ತೇ, ಚಾರ್ಜಿನಲ್ಲಿತ್ತೇ, ಮತ್ತೆ ಹಾಗೆಯೇ ಮಾಡಿದರೆ ಮತ್ತೆ ಆಗುತ್ತದೆಯೇ, ಹಿಂದಿನ ಬಿಲ್ಡಿನಲ್ಲಿ ಇತ್ತೇ. ಆದೊಡನೆಯೇ ಬರೆದರೆ ಫೋನು ಬರೆದಿಟ್ಟ ಕಡತದಲ್ಲಿ ಆ ಗಳಿಗೆಯೂ ಸಿಗುತ್ತದೆ; ಮೂರು ದಿನ ಬಿಟ್ಟು ಬರೆದರೆ ನಿಮ್ಮ ಸಿಟ್ಟು ಮಾತ್ರ ತಲುಪುತ್ತದೆ. ಇದನ್ನು ನಾನು ಭಾವಮೈದನಿಗೆ ಮನವರಿಕೆ ಮಾಡಿಕೊಟ್ಟೆ. ಬಿಸಿಯಾಗುತ್ತೆ, ಅಷ್ಟೆ ಎನ್ನಬೇಡ. ಯಾವಾಗ, ಎಷ್ಟು, ಏನು ಮಾಡಿದಾಗ ಎಂದು ಹೇಳು ಎಂದೆ. ಹಾಗೆ ಹೇಳದವನು ಪರೀಕ್ಷಕನಲ್ಲ, ಬರೀ ರೋಗಿ.

ಆ ಮಾತು ಅವನಿಗೆ ನಾಟಿತು. ಒಂದು ಭಾನುವಾರ ಪೂರ್ತಿ ಕೂತ. ಕ್ಯಾಮೆರಾ ತಡೆಯುವುದನ್ನು ಇನ್ನೊಂದು ಫೋನಿನಲ್ಲಿ ವೀಡಿಯೋ ಮಾಡಿಸಿದ. ವೀಡಿಯೋ ಹಿಡಿದವಳು ಅವನಕ್ಕ, ಬೈಯುತ್ತಲೇ. ಹೆಜ್ಜೆಗಳನ್ನು ಒಂದರ ಕೆಳಗೊಂದು ಬರೆದ, ಸೆಕೆಂಡು ಎಣಿಸಿದ, ಕಡತ ಲಗತ್ತಿಸಿದ, ಕಳಿಸಿದ. ಆ ಸಂಜೆ ಅವನು ನಡೆದಾಡಿದ ರೀತಿ ನೋಡಬೇಕಿತ್ತು.

ಉತ್ತರ ಬಂತು. ಇದೇ ದೂರು ಬೇರೆಯವರಿಂದ ಈಗಾಗಲೇ ಬಂದಿದೆ, ಗೊತ್ತಿರುವ ಸಮಸ್ಯೆಗಳ ಪಟ್ಟಿಯಲ್ಲೂ ಇದೆ, ಮುಂದಿನ ಬಿಲ್ಡಿನಲ್ಲಿ ಸರಿಹೋಗಲಿದೆ ಎಂದಿತ್ತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಅವನ ಮುಖ ಮಾತ್ರ ಸಣ್ಣಗಾಯಿತು.

"ಹೋಗ್ಲಿ ಬಿಡೋ, ಸರಿ ಮಾಡ್ತೀವಿ ಅಂದಿದ್ದಾರಲ್ಲ" ಎಂದೆ.

"ಅದಲ್ಲ ಭಾವ" ಎಂದ. "ರಾತ್ರಿಯೆಲ್ಲ ಎದ್ದಿದ್ದು ಹಾಕ್ಕೊಂಡೋನು ನಾನು. ನನಗಿಂತ ಮುಂಚೆ ಯಾವನು ದೂರು ಕೊಟ್ಟೋನು?"

ಸಮಾಧಾನಕ್ಕೆ ನನಗೆ ತೋಚಿದ್ದು ಒಂದೇ. "ಮುಂದಿನ ಸಲ ಬೀಟಾ ಬರೋಕ್ಕೆ ಮುಂಚೇನೇ ದೂರು ಬರೆದಿಟ್ಕೊಂಡಿರು. ಬಿಸಿ, ಬ್ಯಾಟರಿ, ಕ್ಯಾಮೆರಾ—ಮೂರೂ ಇದ್ದೇ ಇರುತ್ತೆ. ಬಂದ ತಕ್ಷಣ ಕಳಿಸಿಬಿಡು."

ತಮಾಷೆಗೆ ಹೇಳಿದ್ದು. ಅವನು ಕರಡು ಸಿದ್ಧಪಡಿಸುತ್ತಿದ್ದಾನೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ.